ಯೆಲೆನಿ ಕಣಿವೆಯ ಸೀಸ

ಸೆಪ್ಟೆಂಬರ್ 23, ಸೋಮವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಕ್ರಾಸ್ನೊಲೆಸ್ ಪೊಲೀಸ್ ಠಾಣೆಯ ಬಾಗಿಲು ಧಡಾರನೆ ತೆರೆಯಿತು. ಒಳಗೆ ಬಂದವರು ಊರಿನ ವಸ್ತುಸಂಗ್ರಹಾಲಯದ ಅಣಬೆ ವಿಜ್ಞಾನಿ ಡಾ. ಕ್ವೆತಾ ವೊಂದ್ರುಷ್ಕೋವಾ, ವಯಸ್ಸು ನಲವತ್ತೊಂದು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನ್ನ ಹೆಸರಲ್ಲಿ ಯಾರೋ ಸುಳ್ಳು ಹೇಳಿದ್ದಾರೆ ಇನ್ಸ್‌ಪೆಕ್ಟರೇ.”

ಇನ್ಸ್‌ಪೆಕ್ಟರ್ ರಾದೊವಾನ್ ಪೆಶೆಕ್ ಕಾಫಿ ಲೋಟ ಪಕ್ಕಕ್ಕಿಟ್ಟರು. “ಏನು ಸುಳ್ಳು?”

“ಯೆಲೆನಿ ಕಣಿವೆ ಅಣಬೇಲಿ ಸೀಸ ಇದೆ ಅಂತ.”

“ಇಲ್ವಾ?”

“ಇಲ್ಲ. ಒಂದು ಚೂರೂ ಇಲ್ಲ.”

“ಅಯ್ಯೋ ದೇವರೇ! ನನ್ನ ಹೆಂಡತಿ ನಿನ್ನೆ ಮೂರು ಜಾಡಿ ಅಣಬೆ ಉಪ್ಪಿನಕಾಯಿ ಚರಂಡಿಗೆ ಸುರಿದುಬಿಟ್ಟಳು!”

“ಅವು ಕಣಿವೇದಾ?”

“ಎಲ್ಲೀದು ಅಂತ ನಾನು ಹೇಳಿಲ್ಲ,” ಎಂದರು ಪೆಶೆಕ್ ಥಟ್ಟನೆ. ಆಮೇಲೆ ಗಂಟಲು ಸರಿಮಾಡಿಕೊಂಡು ಪೇದೆ ಇಲೋನಾಳಿಗೆ ದೂರು ಬರೆದುಕೊಳ್ಳಲು ಹೇಳಿದರು.

ದೂರಿನ ಸಾರಾಂಶ ಹೀಗಿತ್ತು. ಎರಡು ವರ್ಷದ ಹಿಂದಿನವರೆಗೆ ಕ್ರಾಸ್ನೊಲೆಸ್‌ನ ಜನ ಸೋಮವಾರ ಸೋಮವಾರ ತಮ್ಮ ಬುಟ್ಟಿಗಳನ್ನು ಹೊತ್ತು ವಸ್ತುಸಂಗ್ರಹಾಲಯಕ್ಕೆ ಬರುತ್ತಿದ್ದರು. ಯಾವ ಅಣಬೆ ತಿನ್ನಬಹುದು, ಯಾವುದು ಬೇಡ ಎಂದು ಕ್ವೆತಾ ಅಲ್ಲಿ ಕೂತು ಹೇಳುತ್ತಿದ್ದರು. ಬಂದರೆ ಹತ್ತು ಹನ್ನೊಂದು ಮಂದಿ. ಭಾನುವಾರ ಅಣಬೆ ಹುರಿದು ತಿಂದವರಿಗೆ ಸೋಮವಾರದ ಸಲಹೆಯಿಂದ ಏನು ಉಪಯೋಗ? ಹಾಗಾಗಿ ಕ್ವೆತಾ ಸಾಮಾಜಿಕ ಜಾಲತಾಣದಲ್ಲಿ ‘ಬುಟ್ಟಿಯಲ್ಲೇನಿದೆ?’ ಎಂಬ ಪುಟ ತೆರೆದರು. ಕಾಡಿನಿಂದಲೇ ಫೋಟೊ ಕಳಿಸಿದರೆ ಹತ್ತು ನಿಮಿಷದಲ್ಲಿ ಉತ್ತರ. ಜೊತೆಗೆ ವಾರಕ್ಕೊಂದು ವೀಡಿಯೊ: ಮಳೆಯಾದ ಎಷ್ಟನೇ ದಿನಕ್ಕೆ ಅಣಬೆ ಏಳುತ್ತದೆ, ಮರದ ಬೇರಿಗೂ ಅಣಬೆಗೂ ಏನು ಸಂಬಂಧ ಎಂಬಂಥವು. ಈಗ ಆ ಪುಟಕ್ಕೆ ಅರವತ್ತೊಂದು ಸಾವಿರ ಹಿಂಬಾಲಕರು. ಜಿಲ್ಲಾ ಆಸ್ಪತ್ರೆಗೆ ವರ್ಷಕ್ಕೆ ಒಂಬತ್ತು ಜನ ಅಣಬೆ ವಿಷವೇರಿ ಬರುತ್ತಿದ್ದದ್ದು ಎರಡಕ್ಕೆ ಇಳಿದಿತ್ತು. ಈ ಲೆಕ್ಕ ಹೇಳುವಾಗ ಮಾತ್ರ ಕ್ವೆತಾ ಕೂತರು.

ಭಾನುವಾರ, 22ನೇ ತಾರೀಖು, ಬೆಳಿಗ್ಗೆ 6.40ಕ್ಕೆ ಅದೇ ಪುಟದಲ್ಲಿ ಒಂದು ಎಚ್ಚರಿಕೆ ಬಂದಿತ್ತು. ಯೆಲೆನಿ ಕಣಿವೆಯ ಅಣಬೆಗಳಲ್ಲಿ ಪ್ರತಿ ಕಿಲೋಗೆ 4.73 ಮಿಲಿಗ್ರಾಂ ಸೀಸ ಪತ್ತೆಯಾಗಿದೆ, ಎರಡು ವಾರ ಯಾರೂ ಆ ಕಡೆ ಹೋಗಬಾರದು ಎಂದು. ಕೆಳಗೆ ಯಾವುದೋ ಪ್ರಯೋಗಾಲಯದ ಮೊಹರು. ಅದರ ಕೆಳಗೆ ಕೆಂಪು ಗೆರೆ ಎಳೆದ ಕಣಿವೆಯ ನಕ್ಷೆ.

“ಜನ ನಂಬಿದ್ರಾ?”

“ದಶಮಾಂಶ ಇತ್ತಲ್ಲ! ಹತ್ತೊಂಬತ್ತು ಸಾವಿರ ಸಲ ಶೇರ್ ಆಯ್ತು. ಹನ್ನೊಂದು ಗಂಟೆಗೆ ‘ಇದು ಸುಳ್ಳು’ ಅಂತ ನಾನು ಹಾಕಿದ್ದು ಎಷ್ಟು ಸಲ ಆಯ್ತು ಗೊತ್ತಾ? ಇನ್ನೂರ ಹನ್ನೆರಡು.”

ಅದಕ್ಕಿಂತ ದೊಡ್ಡ ತಾಪತ್ರಯ ಇನ್ನೊಂದಿತ್ತು. ಊರ ನಡುವಿನ ಕೋಟೆ ಪಾರ್ಕಿನಲ್ಲಿ, ಓಕ್ ಮರಗಳ ಕೆಳಗೆ ಹಸಿರು ಟೊಪ್ಪಿ ಎದ್ದಿತ್ತು. ಅರ್ಧ ಟೊಪ್ಪಿ ತಿಂದರೂ ಮನುಷ್ಯನ ಲಿವರ್ ಕೊಳೆಸಿ ಕೊಲ್ಲುವ ಅಣಬೆ ಅದು. ಭಾನುವಾರ ಮಧ್ಯಾಹ್ನ ಕ್ವೆತಾ ಅದರ ಬಗ್ಗೆ ನಿಜವಾದ ಎಚ್ಚರಿಕೆ ಹಾಕಿದರೆ, ಮೊದಲು ಬಂದ ಕಾಮೆಂಟು: ‘ಇದಾದ್ರೂ ನಿಜಾನಾ?’ ಎರಡನೆಯದು: ‘ಒಳ್ಳೇದೆಲ್ಲಾ ಡಾಕ್ಟರಮ್ಮಂಗೇ ಬೇಕಂತೆ, ನಮ್ಮನ್ನ ಹೆದರಿಸ್ತಾಳೆ.’

“ಬರೋ ಶನಿವಾರ ಸಂತ ವಾತ್ಸ್ಲಾವ್ ದಿನ,” ಎಂದರು ಕ್ವೆತಾ. “ರಜೆ. ಊರಿಗೆ ಊರೇ ಬುಟ್ಟಿ ಹಿಡಿದು ಹೊರಡುತ್ತೆ. ಶುಕ್ರವಾರ ಮಧ್ಯಾಹ್ನದೊಳಗೆ ಯಾರು ಮಾಡಿದ್ದು ಅಂತ ಗೊತ್ತಾಗದಿದ್ರೆ ಪುಟ ಮುಚ್ತೀನಿ ಅಂತ ನಮ್ಮ ನಿರ್ದೇಶಕರು ಹೇಳಿದ್ದಾರೆ. ಮುಚ್ಚಿದ್ರೆ ಶನಿವಾರ ಯಾರು ಯಾರನ್ನ ಕೇಳ್ತಾರೆ, ಹೇಳಿ?”

ಸುಳ್ಳು ಸುದ್ದಿ ಹರಡಿ ಜನರಲ್ಲಿ ಭೀತಿ ಹುಟ್ಟಿಸಿದ ಆರೋಪದ ಮೇಲೆ, ಅಪರಿಚಿತ ವ್ಯಕ್ತಿಯ ವಿರುದ್ಧ, 8.55ಕ್ಕೆ ಎಫ್‌ಐಆರ್ ದಾಖಲಾಯಿತು.

ಎಚ್ಚರಿಕೆ ಹೋದದ್ದು ವಸ್ತುಸಂಗ್ರಹಾಲಯದ ಟ್ಯಾಬ್‌ನಿಂದ ಎಂಬುದು ಹತ್ತು ನಿಮಿಷದಲ್ಲಿ ಖಚಿತವಾಯಿತು. ಅಲ್ಲಿರುವುದು ಒಂದೇ ಟ್ಯಾಬ್. ಫೋಟೊಗಳಿಗೆ ಉತ್ತರ ಕೊಡಲು ಅದು ಸರದಿಯ ಮೇಲೆ ಮೂವರ ಮನೆ ಸುತ್ತುತ್ತದೆ: ಕ್ವೆತಾ, ಔಷಧಿ ಅಂಗಡಿಯ ಹೈನೆಕ್ ಸೊಯ್ಕಾ, ನಿವೃತ್ತ ಪೋಸ್ಟ್ ವುಮನ್ ಅಪೊಲೆನಾ ಶೀಪ್ಕೋವಾ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಸರದಿ ಹೈನೆಕ್‌ನದು.

“ಕಣಿವೆ ಖಾಲಿ ಆದ್ರೆ ಯಾರಿಗೆ ಲಾಭ?” ಎಂದು ಪೆಶೆಕ್ ಕೇಳಿದರು.

ಕ್ವೆತಾ ಫೋನ್ ತೆಗೆದು ಒಂದು ವೀಡಿಯೊ ತೋರಿಸಿದರು. “ಅದರಲ್ಲಿ ನನ್ನ ತಪ್ಪೂ ಇದೆ.”

ಸೆಪ್ಟೆಂಬರ್ 12ರಂದು ಅವರು ಮೂರು ನಿಮಿಷದ ವೀಡಿಯೊ ಹಾಕಿದ್ದರು. ಸ್ಪ್ರೂಸ್ ಮರದ ಬುಡ ಕೆದಕಿ, ಅಣಬೆಯ ಬಿಳಿ ಎಳೆಗಳು ಬೇರನ್ನು ತಬ್ಬಿಕೊಂಡಿರುವುದನ್ನು ತೋರಿಸಿ, ಮರ ಇದಕ್ಕೆ ಸಕ್ಕರೆ ಕೊಡುತ್ತದೆ, ಇದು ಮರಕ್ಕೆ ನೀರು ಕೊಡುತ್ತದೆ ಎಂದು ಕುಣಿದಾಡುವಷ್ಟು ಖುಷಿಯಲ್ಲಿ ಹೇಳಿದ್ದರು. ಎಂಟು ಲಕ್ಷ ಜನ ನೋಡಿದರು. ಜಾಗದ ಹೆಸರು ಹೇಳಿರಲಿಲ್ಲ. ಆದರೆ ಅವರ ಬೆನ್ನ ಹಿಂದೆ ಯೆಲೆನಿ ಕಣಿವೆಯ ಸೀಳು ಬಂಡೆ ಎದ್ದು ಕಾಣುತ್ತಿತ್ತು. ಹದಿನಾಲ್ಕರ ಶನಿವಾರ ಕಣಿವೆಗೆ ಇನ್ನೂರ ನಲವತ್ತು ಕಾರು ಬಂದವು.

“ಬೇರು ತೋರಿಸೋ ಸಂಭ್ರಮದಲ್ಲಿ ಬಂಡೆ ನೋಡ್ಲೇ ಇಲ್ಲ,” ಎಂದರು ಕ್ವೆತಾ. “ಅಲ್ಲಿ ಅಣಬೆ ಕೀಳೋ ಹಳಬರಿಗೆಲ್ಲ ಹೊಟ್ಟೆ ಉರಿದಿರುತ್ತೆ.”

ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಪೆಶೆಕ್ ಮತ್ತು ಇಲೋನಾ ಊರಿನ ಇಪ್ಪತ್ತಾರು ಹಳೇ ಅಣಬೆ ಹುಲಿಗಳ ಹೇಳಿಕೆ ಪಡೆದರು. ಕೇಳಿದ್ದು ಒಂದೇ ಪ್ರಶ್ನೆ: ಭಾನುವಾರ ಬೆಳಿಗ್ಗೆ ಆರರಿಂದ ಏಳರವರೆಗೆ ಎಲ್ಲಿದ್ದಿರಿ?

ಹತ್ತೊಂಬತ್ತು ಮಂದಿ ನಿದ್ದೆ ಮಾಡುತ್ತಿದ್ದರು. ಅವರಲ್ಲಿ ಬೇಕರಿಯವನೂ ಒಬ್ಬ.

“ಭಾನುವಾರ ಆರಕ್ಕೆ ನಿಮ್ಮ ಅಂಗಡಿ ತೆಗೆದಿತ್ತಲ್ರೀ?”

“ನನ್ನ ಹೆಂಡತಿ ತೆಗೆದಿದ್ಲು. ನಾನು ಹಿಂದುಗಡೆ ಮಲಗಿದ್ದೆ.”

“ನಿಮ್ಮ ಬೂಟಿನಲ್ಲಿ ಸ್ಪ್ರೂಸ್ ಸೂಜಿ ಇದೆ.”

“ಹಾಸಿಗೇಲಿ ಇದ್ದಿರ್ಬೇಕು.”

ನಿವೃತ್ತ ರೈಲ್ವೆ ಗಾರ್ಡ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದನಂತೆ. ಭಾನುವಾರ, ಬೆಳಿಗ್ಗೆ ಆರಕ್ಕೆ. ಊರಿನ ಪಾದ್ರಿ ಕಾಯಿಲೆ ಬಿದ್ದ ಸೋದರತ್ತೆಯನ್ನು ನೋಡಲು ಹೋಗಿದ್ದರು. ಆ ಅತ್ತೆಯ ಶವಸಂಸ್ಕಾರಕ್ಕೆ ನಾಲ್ಕು ವರ್ಷದ ಹಿಂದೆ ಪೆಶೆಕ್ ಸ್ವತಃ ಹೋಗಿ ಬಂದಿದ್ದರು.

ಇಲೋನಾ ಓಸ್ತ್ರಾವಾ ಪಟ್ಟಣದವಳು, ಬಂದು ಮೂರು ತಿಂಗಳಾಗಿತ್ತು. ಪೆನ್ನು ಕೆಳಗಿಟ್ಟಳು. “ಸಾರ್, ಇಪ್ಪತ್ತಾರಕ್ಕೆ ಇಪ್ಪತ್ತಾರೂ ಸುಳ್ಳು ಹೇಳಿದ್ದಾರೆ. ಎಲ್ಲರನ್ನೂ ಒಳಗೆ ಹಾಕೋಣ್ವಾ?”

“ಇವರ್ಯಾರೂ ಅಪರಾಧಿಗಳಲ್ಲಮ್ಮ. ಎಲ್ಲಾ ಕಾಡಲ್ಲಿದ್ರು.”

“ಅಷ್ಟು ಹೇಳೋಕೇನು?”

“ಕಾಡಲ್ಲಿದ್ದೆ ಅಂದ್ರೆ ‘ಎಲ್ಲಿ’ ಅಂತ ನೀನು ಕೇಳ್ತೀಯ. ಅದು ಅವನಪ್ಪ ಅವನಿಗೆ ಮಾತ್ರ ತೋರಿಸಿದ ಜಾಗ. ಸಾಯೋ ಮುಂಚೆ ಮಗನಿಗೆ ಹೇಳ್ತಾನೆ. ಕೆಲವರು ಅದೂ ಇಲ್ಲ.”

“ನೀವೆಲ್ಲಿಗೆ ಹೋಗ್ತೀರಾ ಸಾರ್?”

“ಮುಂದಿನ ಸಾಕ್ಷಿ ಕರಿ,” ಎಂದರು ಪೆಶೆಕ್. ಮುಂದೆ ಯಾವ ಸಾಕ್ಷಿಯೂ ಇರಲಿಲ್ಲ.

ಮಂಗಳವಾರ, 24, ಬೆಳಿಗ್ಗೆ 9.30. ಯೆಲೆನಿ ಕಣಿವೆಯಲ್ಲಿ ಸ್ಥಳ ಪಂಚನಾಮೆ. ಪಂಚರಾಗಿ ಅರಣ್ಯ ಕಚೇರಿಯ ಇಬ್ಬರು ಗುಮಾಸ್ತರು ಬಂದಿದ್ದರು. ಕ್ವೆತಾ ಕೈಯಲ್ಲಿ ಸುಳ್ಳು ನಕ್ಷೆಯ ಪ್ರತಿ. ಕೆಂಪು ಗೆರೆ ಹೋದ ಕಡೆಯೆಲ್ಲ ಪೆಶೆಕ್ ಸೇರಿ ನಾಲ್ವರೂ ನಡೆದರು.

ಗೆರೆಯ ಒಳಗೆ, ಎರಡು ದಿನದಿಂದ ಯಾರೂ ಕಾಲಿಡದ ಪಾಚಿಯ ಮೇಲೆ ಹ್ರೀಬ್ ಅಣಬೆಗಳು ಎದ್ದು ಕೂತಿದ್ದವು. ಕಂದು ಟೊಪ್ಪಿ, ದಪ್ಪ ಬಿಳಿ ಕಾಲು, ಈ ನಾಡಿನ ಅಡುಗೆಮನೆಗೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಗುಮಾಸ್ತರ ಕಣ್ಣು ಅತ್ತಿತ್ತ ಓಡಿದವು. ಗೆರೆಯ ಹೊರಗೆ ಬರೀ ಮುಳ್ಳುಪೊದೆ, ಜೌಗು. ಒಂದು ಕಡೆ ಗೆರೆ ಕಾರಣವೇ ಇಲ್ಲದೆ ಒಳಕ್ಕೆ ಬಾಗಿ ಪೈನ್ ಮರಗಳ ಗುಂಪೊಂದನ್ನು ಹೊರಗಿಟ್ಟಿತ್ತು. ಅಲ್ಲಿ ಹುಡುಕಿದರು. ಒಂದು ಅಣಬೆಯೂ ಇರಲಿಲ್ಲ.

“ಡಾಕ್ಟರಮ್ಮ, ಸೀಸ ಮಣ್ಣಲ್ಲಿ ಹೆಂಗೆ ಹರಡುತ್ತೆ?” ಎಂದು ಪೆಶೆಕ್ ಕೇಳಿದರು.

“ನೀರು ಹರಿದ ಕಡೆ. ಗಾಳಿ ಬೀಸಿದ ಕಡೆ.”

“ಹ್ರೀಬ್ ಎಲ್ಲೆಲ್ಲಿ ಬೆಳೆಯುತ್ತೋ ನೋಡ್ಕೊಂಡು ಹರಡಲ್ಲ ತಾನೆ?”

ಕ್ವೆತಾ ನಕ್ಷೆಯನ್ನು ಮತ್ತೆ ನೋಡಿ ಜೋರಾಗಿ ನಕ್ಕುಬಿಟ್ಟರು. ಮೂರು ದಿನದಲ್ಲಿ ಮೊದಲ ನಗು. ಗೆರೆ ಎಳೆದವರಿಗೆ ಸೀಸದ ಬಗ್ಗೆ ಏನೂ ಗೊತ್ತಿರಲಿಲ್ಲ, ಈ ಕಣಿವೆಯ ಒಂದೊಂದು ಮೊಳವೂ ಗೊತ್ತಿತ್ತು.

ಇನ್ನೊಂದು ವಸ್ತು ಸಿಕ್ಕಿತು. ಕಾಡುದಾರಿಯಿಂದ ಶುರುವಾಗಿ ಮರದಿಂದ ಮರಕ್ಕೆ, ಸೊಂಟದೆತ್ತರಕ್ಕೆ ಕಟ್ಟಿದ ಬಿಳಿ ಹಗ್ಗ. ಪ್ರತಿ ತಿರುವಿನಲ್ಲೂ ಒಂದು ಗಂಟು. ಎರಡು ಕಡೆ ಯಾರೋ ಚಾಕುವಿನಿಂದ ಕತ್ತರಿಸಿದ್ದರು. ಇದು ಅರಣ್ಯ ಕಚೇರಿಯ ಕೆಲಸವಲ್ಲ ಎಂದು ಗುಮಾಸ್ತರು ಹೇಳಿದರು. ಕ್ವೆತಾಗೂ ತಿಳಿಯಲಿಲ್ಲ. ತುಂಡನ್ನು ಲಕೋಟೆಗೆ ಹಾಕಿ, ವಸ್ತು ಸಂಖ್ಯೆ ಮೂರು ಎಂದು ಬರೆದು, ಪಂಚರ ಸಹಿ ಹಾಕಿಸಿದರು. ವಾಪಸ್ ಬರುವಾಗ ಒಬ್ಬ ಗುಮಾಸ್ತನ ಟೊಪ್ಪಿ ತಲೆ ಮೇಲಿರಲಿಲ್ಲ, ಕೈಯಲ್ಲಿತ್ತು, ತುಂಬಿತ್ತು. ಪಂಚನಾಮೆಯಲ್ಲಿ ಇದು ದಾಖಲಾಗಿಲ್ಲ.

ಬುಧವಾರ, 25, ಬೆಳಿಗ್ಗೆ ಹತ್ತು ಗಂಟೆ. ಔಷಧಿ ಅಂಗಡಿಯ ಹೈನೆಕ್ ಸೊಯ್ಕಾನ ವಿಚಾರಣೆ. ಐವತ್ತೈದರ ಒಣಕಲು ಮನುಷ್ಯ, ಮಾತು ಅಳೆದು ತೂಗಿ.

“ಭಾನುವಾರ ಬೆಳಿಗ್ಗೆ ಟ್ಯಾಬ್ ಎಲ್ಲಿತ್ತು?”

“ನನ್ನ ಹತ್ರ.”

“ಪೂರ್ತಿ ಹೊತ್ತು?”

“ಪೂರ್ತಿ.”

“ಹಾಗಾದ್ರೆ 6.40ಕ್ಕೆ ಎಚ್ಚರಿಕೆ ಹಾಕಿದ್ದು ನೀವು.”

“ಅಲ್ಲ. ಯಾರೋ ದೂರದಿಂದ ಒಳಗೆ ನುಗ್ಗಿರ್ಬೇಕು.”

“ಮನೇಲೇ ಇದ್ರಾ?”

ಹೈನೆಕ್ ತಡವರಿಸಿದ. “ಇದ್ದೆ.”

“ನಿಮ್ಮ ಪಕ್ಕದ ಮನೆಯವರು ಐದಕ್ಕೆ ನಿಮ್ಮ ಕಾರು ಹೊರಟಿದ್ದು ನೋಡಿದ್ದಾರೆ. ಎಲ್ಲಿಗೆ ಹೋಗಿದ್ರಿ?”

ಹೈನೆಕ್ ಅಂಗಿಯ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ.

“ಸೊಯ್ಕಾ ಅವರೇ, ಎಲ್ಲಿಗೆ?”

“ನಾನೇ ಹಾಕಿದ್ದು ಅಂತ ಬರ್ಕೊಳ್ಳಿ,” ಎಂದ ಹೈನೆಕ್.

ಇಲೋನಾ ಬರೆಯುವುದನ್ನು ನಿಲ್ಲಿಸಿ ಪೆಶೆಕ್ ಮುಖ ನೋಡಿದಳು.

“ಸೀಸ ಎಷ್ಟು ಅಂತ ಬರೆದಿದ್ರಿ?” ಎಂದರು ಪೆಶೆಕ್.

“ಮೂರು... ಮೂರು ಚಿಲ್ಲರೆ.”

“ಸುಳ್ಳು ತಪ್ಪೊಪ್ಪಿಗೆ ಕೊಟ್ರೆ ಅದಕ್ಕೇ ಬೇರೆ ಕೇಸ್ ಆಗುತ್ತೆ ಕಣ್ರೀ. ಎದ್ದು ಹೋಗಿ. ಊರು ಬಿಟ್ಟು ಹೋಗ್ಬೇಡಿ.”

ಹೈನೆಕ್ ಹೋದ ಮೇಲೆ ಇಲೋನಾ ಕೇಳಿದಳು: “ಜೈಲಿಗೆ ಹೋಗೋಕೆ ರೆಡಿ, ಜಾಗ ಹೇಳೋಕೆ ಇಲ್ವಾ?”

“ಜೈಲಿಂದ ಹೊರಗೆ ಬಂದಾಗ ಜಾಗ ಅಲ್ಲೇ ಇರುತ್ತಲ್ಲ,” ಎಂದರು ಪೆಶೆಕ್. ಅವರ ದನಿಯಲ್ಲಿ ಒಂದಿಷ್ಟು ಗೌರವವೂ ಇತ್ತು.

ಗುರುವಾರ, 26, ಮಧ್ಯಾಹ್ನ 12.20ಕ್ಕೆ ಕ್ವೆತಾ ಫೋನ್ ಮಾಡಿದರು. ಏದುಸಿರು ಬಿಡುತ್ತಿದ್ದರು. ಪುಟದಲ್ಲಿ ಯಾರೋ ಬಾಣಲೆಯ ಫೋಟೊ ಹಾಕಿದ್ದ. ಬೆಣ್ಣೆಯಲ್ಲಿ ಬೇಯುತ್ತಿದ್ದವು ಕೋಟೆ ಪಾರ್ಕಿನ ಹಸಿರು ಟೊಪ್ಪಿಗಳು. ಮೇಲೆ ಬರೆದಿದ್ದ: ‘ವಿಷ ಅಂತೆ! ಸೀಸದ ಥರಾನೇ ಇದೂ.’ ಫೋಟೊದ ಕಿಟಕಿಯಾಚೆ ಗಿರಣಿಯ ಚಿಮಣಿ ಕಾಣುತ್ತಿತ್ತು. ಇಲೋನಾ ಟೊಪ್ಪಿ ಹಾಕಿಕೊಳ್ಳಲೂ ನಿಲ್ಲದೆ ಓಡಿದಳು. ಗಿರಣಿ ಬೀದಿಯ ಮೂರನೇ ಮನೆಯಲ್ಲಿ, ಹೆಂಡತಿ ಮತ್ತು ಮಾವನನ್ನು ಕೂರಿಸಿಕೊಂಡು ಒಬ್ಬ ತಟ್ಟೆ ಹರಡುತ್ತಿದ್ದ.

“ಬನ್ನಿ ಬನ್ನಿ ಮೇಡಂ, ಒಂದು ತಟ್ಟೆ ಜಾಸ್ತಿ ಹಾಕ್ಲಾ?” ಎಂದ ನಗುತ್ತಾ.

ಇಲೋನಾ ಒಲೆ ಆರಿಸಿ, ಬಾಣಲೆಯನ್ನು ಹಾಗೇ ಎತ್ತಿಕೊಂಡು ಠಾಣೆಗೆ ಬಂದಳು. ಅದು ವಸ್ತು ಸಂಖ್ಯೆ ನಾಲ್ಕಾಯಿತು. ಮೇಜಿನ ಮೇಲಿಟ್ಟು, ಹೋಗಿ ಎರಡು ಸಲ ಕೈ ತೊಳೆದು ಬಂದಳು. ಪೆಶೆಕ್ ಚಹಾಕ್ಕೆ ಧಾರಾಳವಾಗಿ ರಮ್ ಹಾಕಿ ಕೊಟ್ಟರು.

“ಒಂದು ಸುಳ್ಳಿಗೆ ಮೂರು ಜನ ಸಾಯ್ತಿದ್ರು ಸಾರ್.”

“ನಾಡಿದ್ದು ಇಂಥ ಮನೆ ಎಷ್ಟಿರುತ್ತೋ,” ಎಂದರು ಪೆಶೆಕ್.

ಚಹಾ ಕುಡಿದು ಸುಧಾರಿಸಿಕೊಂಡು ಇಲೋನಾ ಟ್ಯಾಬ್ ತೆರೆದಳು. ಸುಳ್ಳು ಎಚ್ಚರಿಕೆಯನ್ನು ಎಲ್ಲರೂ ನೂರು ಸಲ ಓದಿದ್ದರು. ಅದೇ ಬೆಳಿಗ್ಗೆ ಪುಟದಿಂದ ಹೋದ ಉಳಿದ ಉತ್ತರಗಳನ್ನು ಯಾರೂ ಓದಿರಲಿಲ್ಲ. ಐದೂವರೆಯಿಂದ ಒಂಬತ್ತರವರೆಗೆ ಹದಿನಾಲ್ಕು ಫೋಟೊ ಬಂದಿದ್ದವು, ಹದಿನಾಲ್ಕಕ್ಕೂ ಉತ್ತರ ಹೋಗಿತ್ತು. ಶನಿವಾರ ಸಂಜೆ ಹೈನೆಕ್ ಬರೆದ ಉತ್ತರಗಳ ಪಕ್ಕದಲ್ಲಿ ಅವನ್ನಿಟ್ಟು ನೋಡಿದಳು. ಹೈನೆಕ್‌ನವು ಔಷಧಿ ಚೀಟಿಯಂತೆ: ‘ತಿನ್ನಬಹುದು.’ ‘ಬೇಡ.’ ‘ಇಪ್ಪತ್ತು ನಿಮಿಷ ಬೇಯಿಸಿ.’ ಭಾನುವಾರ ಬೆಳಗಿನವು ಬೇರೆಯೇ ಇದ್ದವು.

“ಸಾರ್, ಕೇಳಿ. ‘ಒಳ್ಳೇ ಹ್ರೀಬ್ ಮಗಾ, ಬೆಣ್ಣೆ ಹಾಕು, ಶಾಜೀರಿಗೆ ಮರೀಬೇಡ.’ ಇದು 6.10. ಇನ್ನೊಂದು, ‘ಹುಳ ಬಿದ್ದಿದೆ, ಆ ಭಾಗ ಕೊಯ್ದು ಬಿಸಾಕು, ಉಳಿದದ್ದಕ್ಕೆ ಮೊಟ್ಟೆ, ಶಾಜೀರಿಗೆ.’ ಹದಿನಾಲ್ಕರಲ್ಲಿ ಒಂಬತ್ತರಲ್ಲಿ ಶಾಜೀರಿಗೆ ಇದೆ.”

ಪೆಶೆಕ್ ಎದ್ದು ನಿಂತರು. “6.40ರ ಹತ್ತಿರದ್ದು ಓದು.”

“6.43. ‘ತಕ್ಷಣ ಕೆಳಗಿಡಪ್ಪಾ. ಅದು ಹಸಿರು ಟೊಪ್ಪಿ. ಕೈ ತೊಳಕೋ. ಬುಟ್ಟೀಲಿರೋ ಬೇರೆಯವನ್ನೂ ಬಿಸಾಕು, ಬೇಜಾರು ಮಾಡ್ಕೋಬೇಡ, ನಾಳೆ ಮತ್ತೆ ಸಿಗುತ್ತೆ.’”

ಸುಳ್ಳು ಹೇಳಿದ ಮೂರೇ ನಿಮಿಷಕ್ಕೆ ಅದೇ ಕೈ ಒಬ್ಬನ ಜೀವ ಉಳಿಸಿತ್ತು. ಯಾವ ಅಡುಗೆಗೂ ಶಾಜೀರಿಗೆ ಹಾಕುವವರು ಊರಲ್ಲಿ ಒಬ್ಬರೇ ಎಂದು ಪೆಶೆಕ್‌ಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಸಂಜೆ ಐದಕ್ಕೆ ಹೈನೆಕ್‌ನನ್ನು ಮತ್ತೆ ಕರೆಸಿದರು.

“ಭಾನುವಾರ ಐದಕ್ಕೆ ಟ್ಯಾಬನ್ನ ಅಪೊಲೆನಾ ಅಮ್ಮನ ಕೈಗೆ ಕೊಟ್ಟು ಹೋದ್ರಿ. ಎಲ್ಲಿಗೆ ಅಂತ ನಾನು ಕೇಳಲ್ಲ. ಹೌದಾ, ಅಲ್ವಾ?”

“ಎಲ್ಲಿಗೆ ಅಂತ ಕೇಳಲ್ಲ?”

“ಕೇಳಲ್ಲ.”

“ಹೌದು,” ಎಂದ ಹೈನೆಕ್. ಅವನ ಮುಖದ ಮೇಲೆ ಜೀವ ಬಂತು.

ಶುಕ್ರವಾರ, 27, ಬೆಳಿಗ್ಗೆ 8.30. ಅಪೊಲೆನಾ ಶೀಪ್ಕೋವಾ ಅವರ ಮನೆ ಊರಂಚಿನಲ್ಲಿ. ಎಪ್ಪತ್ತೊಂದು ವರ್ಷದ ಗಟ್ಟಿ ಹೆಂಗಸು, ಮೂವತ್ತೆಂಟು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದವರು. ಕ್ವೆತಾ ಏಳು ವರ್ಷದವಳಿದ್ದಾಗ ಮೊದಲ ಅಣಬೆ ತೋರಿಸಿಕೊಟ್ಟವರೂ ಅವರೇ. ಬಾಗಿಲು ತೆರೆದು ಪೆಶೆಕ್, ಇಲೋನಾ, ಹಿಂದೆ ನಿಂತ ಕ್ವೆತಾ, ಮೂವರನ್ನೂ ನೋಡಿದರು.

“ಒಳಗೆ ಬನ್ನಿ. ಮನೆಯೊಳಗಿನ ಚಪ್ಪಲಿ ಅಲ್ಲಿದೆ.”

ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಳ್ಳುವಾಗಲೇ ಪೆಶೆಕ್ ನೋಡಿದರು: ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲ ಕೋಳಿಗೂಡಿಗೆ, ಸೊಂಟದೆತ್ತರದಲ್ಲಿ ಬಿಳಿ ಹಗ್ಗ. ತಿರುವಿಗೊಂದು ಗಂಟು. ಕಿಟಕಿಯ ಪಕ್ಕ ಒಬ್ಬ ಮುದುಕಿ ಬಟಾಣಿ ಸುಲಿಯುತ್ತಿದ್ದರು. ಕಣ್ಣು ಬಿಳಿಯಾಗಿದ್ದವು.

“ನಮ್ಮಕ್ಕ, ಲುದ್ಮಿಲಾ,” ಎಂದರು ಅಪೊಲೆನಾ. “ಹನ್ನೆರಡು ವರ್ಷ ಆಯ್ತು ಕಣ್ಣು ಹೋಗಿ.”

“ಯಾರು ಬಂದ್ರು, ಪೊಲೆನ್ಕಾ?” ಎಂದು ಅಕ್ಕ ತಂಗಿಯನ್ನು ಮುದ್ದಿನ ಹೆಸರಿಂದ ಕರೆದು ಕೇಳಿದರು. “ಬೂಟಿನ ಪಾಲಿಶ್ ವಾಸನೆ. ಪೊಲೀಸಾ?”

“ಹೌದಕ್ಕ. ಅಣಬೆ ವಿಚಾರ.”

“ಹಾಗಾದ್ರೆ ಏನೂ ಹೇಳ್ಬೇಡ,” ಎಂದು ಲುದ್ಮಿಲಾ ಬಟಾಣಿಗೆ ಮರಳಿದರು.

ಪೆಶೆಕ್ ಪಕ್ಕದ ಕೋಣೆಗೆ ಕರೆದು ಕೇಳಿದರು. “ಎಚ್ಚರಿಕೆ ನೀವೇ ಹಾಕಿದ್ದಾ?”

“ಹೌದು.”

“ಮೊಹರು?”

“ಹಳೇ ಪೋಸ್ಟಿಂದ ಎತ್ಕೊಂಡೆ. ಎರಡು ವರ್ಷ ಡಾಕ್ಟರಮ್ಮನ ಪಕ್ಕ ಕೂತು ಕಲ್ತಿದ್ದೀನಿ, ವಿಜ್ಞಾನ ಹೆಂಗೆ ಮಾತಾಡುತ್ತೆ ಅಂತ. ಒಂದು ಅಂಕಿ ಬೇಕು. ಒಂದು ನಕ್ಷೆ ಬೇಕು. ಕೊನೇಲಿ ‘ದಯವಿಟ್ಟು ಸಹಕರಿಸಿ’.”

ಕ್ವೆತಾ ತುಟಿ ಕಚ್ಚಿಕೊಂಡರು. “ಯಾಕಮ್ಮ?”

ಅಪೊಲೆನಾ ಹೇಳಿದ್ದು ಇಷ್ಟು. ಲುದ್ಮಿಲಾ ವಾಸನೆ ಹಿಡಿದು, ಬೆರಳಿನಿಂದ ತಡವಿ ಹ್ರೀಬ್ ಹುಡುಕುತ್ತಾಳೆ. ವರ್ಷಕ್ಕೆ ಮೂರು ವಾರ ಅವಳಿಗೆ ಯಾರ ಕೈಯೂ ಬೇಡ, ಹಗ್ಗ ಹಿಡಿದು ತಾನೇ ಹೋಗುತ್ತಾಳೆ, ತಾನೇ ಬರುತ್ತಾಳೆ, ತಂದದ್ದನ್ನು ಮೇಜಿನ ಮೇಲೆ ಸುರಿದು ಎಣಿಸುತ್ತಾಳೆ. ಹದಿನಾಲ್ಕರ ಶನಿವಾರ ಬಂದ ಜನರಲ್ಲಿ ಯಾರೋ ಅಡ್ಡ ಸಿಕ್ಕಿತೆಂದು ಹಗ್ಗ ಕತ್ತರಿಸಿದರು. ಲುದ್ಮಿಲಾ ನಲವತ್ತು ನಿಮಿಷ ಒಂದು ಮರ ತಬ್ಬಿಕೊಂಡು ನಿಂತಿದ್ದಳು. ಸುತ್ತ ಇನ್ನೂರು ಜನ ಓಡಾಡುತ್ತಿದ್ದರು. ಅವಳು ಯಾರನ್ನೂ ಕರೆಯಲಿಲ್ಲ.

“ಎರಡೇ ವಾರ ಕಾಡು ಖಾಲಿ ಬೇಕಿತ್ತು. ಸೀಸನ್ ಮುಗಿಯೋವರೆಗೆ.”

“ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?” ಎಂದರು ಕ್ವೆತಾ. “ನಾನು ಜನರನ್ನ ಕೇಳ್ಕೊಳ್ತಿದ್ದೆ, ಆ ಕಡೆ ಹೋಗ್ಬೇಡಿ ಅಂತ!”

ಅಪೊಲೆನಾ ಅವರನ್ನು ವಿಚಿತ್ರವಾಗಿ ನೋಡಿದರು. “ಹೇಳಿದ್ರೆ ಜಾಗ ಎಲ್ಲಿ ಅಂತ ಹೇಳ್ಬೇಕಲ್ಲ?”

ಇಲೋನಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪೆಶೆಕ್‌ಗೆ ಮಾತ್ರ ಈ ಉತ್ತರ ಪೂರ್ತಿ ಅರ್ಥವಾಯಿತು. ನಿನ್ನೆಯ ಬಾಣಲೆಯ ವಿಷಯ ಅವರು ಮೆಲ್ಲಗೆ ಹೇಳಿದರು. ಕೇಳುತ್ತಾ ಕೇಳುತ್ತಾ ಅಪೊಲೆನಾ ಮಂಚದ ಮೇಲೆ ಕೂತರು.

“ಮೂರು ಜನಾನಾ?”

“ಮೂರು. ಹೈನೆಕ್ ಬೇರೆ ತಾನೇ ಮಾಡಿದ್ದು ಅಂತ ಒಪ್ಕೊಂಡ.”

“ಹುಚ್ಚು ಮುಂಡೇದು!” ಎಂದರು ಅಪೊಲೆನಾ. ಎದ್ದು ಏಪ್ರನ್ ಬಿಚ್ಚಿ ಮಡಿಸಿಟ್ಟರು. 9.05ಕ್ಕೆ ಪೆಶೆಕ್ ಅವರಿಗೆ ಆರೋಪ ಓದಿ ಹೇಳಿ, ಬಂಧನದ ಕಾಗದಕ್ಕೆ ಸಹಿ ತೆಗೆದುಕೊಂಡರು. ಸಹಿ ಹಾಕಿ ಪೆನ್ನು ವಾಪಸ್ ಕೊಡುತ್ತಾ ಅಪೊಲೆನಾ ಒಂದೇ ಒಂದು ಕೇಳಿದರು.

“ನಾನೇ ಹೇಳ್ಬೇಕು. ಅದೇ ಪುಟದಲ್ಲಿ. ಇವಳು ಹೇಳಿದ್ರೆ ನಂಬಲ್ಲ, ನೀವು ಹೇಳಿದ್ರೂ ನಂಬಲ್ಲ.”

ಪೆಶೆಕ್ ಸರ್ಕಾರಿ ವಕೀಲರಿಗೆ ಫೋನ್ ಮಾಡಿದರು. ಹಾಗೆ ಮಾಡಬಾರದೆಂಬ ನಿಯಮ ತಮಗೆ ಗೊತ್ತಿಲ್ಲ ಎಂದರು ವಕೀಲರು. ತಾವೂ ಪುಟದ ಹಿಂಬಾಲಕರೆಂದು ಸೇರಿಸಿದರು.

10.30ಕ್ಕೆ ಠಾಣೆಯ ಮೇಜಿನಿಂದಲೇ ಲೈವ್ ಶುರುವಾಯಿತು. ಟ್ಯಾಬನ್ನು ಕಡತಗಳಿಗೆ ಒರಗಿಸಿ ಇಲೋನಾ ಹಿಡಿದುಕೊಂಡಳು.

“ನಾನು ಅಪೊಲೆನಾ ಶೀಪ್ಕೋವಾ. ಮೂವತ್ತೆಂಟು ವರ್ಷ ನಿಮ್ಮನೆ ಕಾಗದ ತಂದಿದ್ದೀನಿ, ಒಂದೂ ಒಡೆದು ಓದಿಲ್ಲ. ಭಾನುವಾರ ಸುಳ್ಳು ಹೇಳಿದೆ. ಕಣಿವೇಲಿ ಸೀಸ ಇಲ್ಲ. ಆ ಜಾಗ ನನ್ನದು, ನನಗೊಬ್ಬಳಿಗೇ ಬೇಕು ಅಂತ ಹಾಗೆ ಬರೆದೆ. ಈಗ ಅಲ್ಲಿ ಹ್ರೀಬ್ ತುಂಬಿದೆ. ಸೀಳು ಬಂಡೆಯಿಂದ ಎಡಕ್ಕೆ ಹೋಗಿ, ಹಳ್ಳ ದಾಟಿ, ಸ್ಪ್ರೂಸ್ ಸಾಲಿನ ಕೆಳಗೆ ನೋಡಿ. ಬೇಕಾದಷ್ಟು ಕಿತ್ಕೊಳ್ಳಿ. ಆದ್ರೆ ಕೋಟೆ ಪಾರ್ಕಿನ ಹಸಿರು ಟೊಪ್ಪಿ ಮುಟ್ಬೇಡಿ. ಅದು ನಿಜ. ಡಾಕ್ಟರಮ್ಮ ಎರಡು ವರ್ಷದಲ್ಲಿ ಒಂದು ಸುಳ್ಳೂ ಹೇಳಿಲ್ಲ. ಹೇಳಿದ್ದು ನಾನು.”

ಅಕ್ಕನ ಹೆಸರು ಎತ್ತಲೇ ಇಲ್ಲ. ಬಾಗಿಲ ಬಳಿ ನಿಂತಿದ್ದ ಕ್ವೆತಾ ಅಳುತ್ತಿದ್ದರು. ಈ ಊರಿನ ಒಬ್ಬ ಹೆಂಗಸು ತನ್ನ ಜಾಗವನ್ನು ಹಳ್ಳ, ಬಂಡೆ ಸಮೇತ ಜಗತ್ತಿಗೆ ಹೇಳಿದ್ದು ಇದೇ ಮೊದಲು. ಅದು ಸುಳ್ಳಿರಲು ಸಾಧ್ಯವೇ ಇಲ್ಲವೆಂದು ಬೇಕರಿಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರಿಗೂ ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೇಳು ಸಾವಿರ ಶೇರ್. ಪುಟ ಮುಚ್ಚುವ ಆದೇಶ ಹಿಡಿದು ಹನ್ನೆರಡಕ್ಕೆ ಬಂದ ನಿರ್ದೇಶಕರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ತಮ್ಮ ಬುಟ್ಟಿಯ ಒಂದು ಫೋಟೊ ತೋರಿಸಿ ಇದು ತಿನ್ನಬಹುದೇ ಎಂದು ಕ್ವೆತಾರನ್ನು ಕೇಳಿದರು.

ಕರೆದಾಗ ಹಾಜರಾಗಬೇಕೆಂಬ ಷರತ್ತಿನ ಮೇಲೆ ಅಪೊಲೆನಾರನ್ನು ಸಂಜೆ ನಾಲ್ಕಕ್ಕೆ ಮನೆಗೆ ಕಳಿಸಲಾಯಿತು. ಕಡತದ ‘ಅಪರಾಧಕ್ಕೆ ಪ್ರೇರಣೆ’ ಎಂಬ ಕಡೆ ಪೆಶೆಕ್ ಬರೆದರು: ಆರೋಪಿಯ ಅಕ್ಕನಿಗೆ ಕಣ್ಣಿಲ್ಲ. ಕಾಡು ಅವಳಿಗೆ ಉಳಿದಿರುವ ಒಂದೇ ಸ್ವಾತಂತ್ರ್ಯ. ಕೇಳಿದ್ದರೆ ಊರು ಸಹಾಯ ಮಾಡುತ್ತಿತ್ತು. ಕೇಳುವ ಅಭ್ಯಾಸ ಈ ಊರಿನಲ್ಲಿ ಯಾರಿಗೂ ಇಲ್ಲ.

ಶನಿವಾರ, 28, ಸಂತ ವಾತ್ಸ್ಲಾವ್ ದಿನ. ಬೆಳಗಿನಿಂದ ಪುಟಕ್ಕೆ ಸಾವಿರದ ನಾನ್ನೂರು ಫೋಟೊ ಬಂದವು. ಕ್ವೆತಾ ಮತ್ತು ಹೈನೆಕ್ ಊಟಕ್ಕೂ ಏಳಲಿಲ್ಲ. ಅವುಗಳಲ್ಲಿ ಹನ್ನೊಂದು ಹಸಿರು ಟೊಪ್ಪಿಯವು, ಹನ್ನೊಂದೂ ತಿಪ್ಪೆ ಸೇರಿದವು. ಆಸ್ಪತ್ರೆಗೆ ಒಬ್ಬನೂ ಹೋಗಲಿಲ್ಲ.

ಯೆಲೆನಿ ಕಣಿವೆಯ ರಸ್ತೆಯಲ್ಲಿ ಒಂಬತ್ತು ಗಂಟೆಗೆ ಮುನ್ನೂರ ಹತ್ತು ಕಾರು. ಪೆಶೆಕ್ ಮತ್ತು ಇಲೋನಾ ವಾಹನ ಸರಿಮಾಡುತ್ತಿದ್ದರು. ಬಸ್ಸಿನಿಂದ ಇಬ್ಬರು ಮುದುಕಿಯರು ಇಳಿದರು. ಇಬ್ಬರ ಕೈಯಲ್ಲೂ ಖಾಲಿ ಬುಟ್ಟಿ.

“ಪೊಲೆನ್ಕಾ, ಇಲ್ಲಿ ಪೆಟ್ರೋಲ್ ವಾಸನೆ ಬಿಟ್ರೆ ಏನೂ ಇಲ್ಲ,” ಎಂದರು ಲುದ್ಮಿಲಾ. “ಹೋಗ್ಲಿ ಬಿಡು. ಬಂದು ನೋಡಿದ್ವಲ್ಲ.”

ಪೆಶೆಕ್ ಇಬ್ಬರನ್ನೂ ಒಂದು ಕ್ಷಣ ನೋಡಿ, ಕೊರಳಿನ ಸೀಟಿ ತೆಗೆದು ಇಲೋನಾಳ ಕೈಗಿಟ್ಟರು. ಹೋಗಿ ಜೀಪಿನ ಹಿಂಬಾಗಿಲು ತೆರೆದರು.

“ಎಲ್ಲಿಗೆ ಸಾರ್?”

“ದಿನಚರೀಲಿ ಗಸ್ತು ಅಂತ ಬರಿ.”

ಜೀಪು ಅರ್ಧ ಗಂಟೆ ಓಡಿತು. ಕೊನೆಯ ಎರಡು ಕಿಲೋಮೀಟರ್ ರಸ್ತೆಯೇ ಇರಲಿಲ್ಲ. ಬರ್ಚ್ ಮರಗಳ ಒಂದು ಇಳಿಜಾರಿನ ಮೇಲೆ ಪೆಶೆಕ್ ಎಂಜಿನ್ ನಿಲ್ಲಿಸಿದರು. ಈ ಜಾಗ ಅವರ ಹೆಂಡತಿಗೂ ಗೊತ್ತಿರಲಿಲ್ಲ. ಲುದ್ಮಿಲಾ ಇಳಿದು ನಿಂತು, ಮೂಗು ಅರಳಿಸಿ, ಮಗುವಿನಂತೆ ನಕ್ಕರು. ಅಪೊಲೆನಾ ಮಾತ್ರ ಜೀಪಿನಲ್ಲೇ ಕೂತಿದ್ದರು. ತಲೆ ತಗ್ಗಿಸಿ ತಮ್ಮ ಮಂಡಿಯನ್ನೇ ನೋಡುತ್ತಿದ್ದರು, ಆಚೆ ಈಚೆ ನೋಡಲೇ ಇಲ್ಲ.

“ಇನ್ಸ್‌ಪೆಕ್ಟರೇ, ನಾನು ಕಣ್ಣು ಮುಚ್ಕೊಳ್ಳಲಾ?”

“ಬೇಡಮ್ಮ,” ಎಂದರು ಪೆಶೆಕ್. “ಚೆನ್ನಾಗಿ ನೋಡ್ಕೊಳ್ಳಿ. ಮುಂದಿನ ಸಲ ನಾನಿಲ್ದೇ ಬರ್ಬೇಕಲ್ಲ.”